ನೀರಿಲ್ಲದ ಆಮ್ಲ: ಪೀಣ್ಯದ ಒಂದು ಹೆಸರಿನ ಪೂರ್ವೋತ್ತರ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಪ್ಲೇಟಿಂಗ್ ಶೆಡ್ಡುಗಳಲ್ಲಿ ‘ಕ್ರೋಮಿಕ್ ಆಸಿಡ್’ ಎಂದರೆ ಡ್ರಮ್ಮಿನಲ್ಲಿ ಬರುವ ಕಡುಗೆಂಪು ಹಳುಕು. ದ್ರವವಲ್ಲ, ಒಣ ವಸ್ತು. ಚೀಟಿಯಲ್ಲಿ ಹೆಸರಿನ ಜೊತೆಗೇ ಸೂತ್ರವೂ ಇರುತ್ತದೆ: ಸಿಆರ್‌ಒ3. ಒಂದು ಕ್ರೋಮಿಯಂ, ಮೂರು ಆಮ್ಲಜನಕ; ಜಲಜನಕದ ಸುಳಿವೇ ಇಲ್ಲ. ಜಲಜನಕವಿಲ್ಲದ್ದು ಆಮ್ಲ ಹೇಗಾದೀತು? ರಸಾಯನಶಾಸ್ತ್ರದ ಮೇಷ್ಟ್ರುಗಳು ಈ ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಕೊಟ್ಟುಕೊಂಡಿದ್ದಾರೆ: ಇದು ಅಂಗಡಿಯವರ ಅಜ್ಞಾನ, ಸರಿಯಾದ ಹೆಸರು ಕ್ರೋಮಿಯಂ ಟ್ರೈಆಕ್ಸೈಡ್. ಇದೇ ಧಾಟಿಯ ತೀರ್ಪು ಕನ್ನಡದ ‘ಇಂಗಾಲಾಮ್ಲ’ದ ಮೇಲೂ ಬಿದ್ದಿದೆ. ಅದು ಅನಿಲ, ಆಮ್ಲವಲ್ಲ. ಹಳೆಯ ಅನುವಾದಕರು ಎಡವಿದರು. ಆದ್ದರಿಂದ ‘ಇಂಗಾಲದ ಡೈಆಕ್ಸೈಡ್’ ಎಂದೇ ಬರೆಯಬೇಕು ಎನ್ನುತ್ತಾರೆ.

ಎರಡು ತೀರ್ಪುಗಳೂ ನಿಲ್ಲುವುದಿಲ್ಲ. ಎರಡೂ ಇಂದಿನ ಅಳತೆಗೋಲಿನಿಂದ 18ನೆಯ ಶತಮಾನವನ್ನು ಅಳೆಯುತ್ತವೆ.

1787ರಲ್ಲಿ ಗೀಟೋನ್ ದ ಮೊರ್ವೊ, ಲೆವಾಸಿಯೆ, ಬರ್ತೊಲೆ ಮತ್ತು ಫೂರ್‌ಕ್ರ್ವಾ ಎಂಬ ನಾಲ್ವರು ಫ್ರೆಂಚ್ ರಸಾಯನಜ್ಞರು ರಾಸಾಯನಿಕ ವಸ್ತುಗಳಿಗೆ ಹೆಸರಿಡುವ ಹೊಸ ಪದ್ಧತಿಯನ್ನು ಪ್ಯಾರಿಸ್ಸಿನಲ್ಲಿ ಪ್ರಕಟಿಸಿದರು. ಅದರಲ್ಲಿ ಇಲ್ಲಿಗೆ ಬೇಕಾದದ್ದು ಒಂದೇ ಅಂಶ. ಆ ಪದ್ಧತಿಯಲ್ಲಿ ‘ಆಮ್ಲ’ ಎಂದರೆ ಒಂದು ಧಾತುವಿಗೆ ಸಾಕಷ್ಟು ಆಮ್ಲಜನಕ ಸೇರಿ ಆದ ವಸ್ತು. ನೀರು ಅದರ ಲೆಕ್ಕಕ್ಕೆ ಸೇರಿರಲಿಲ್ಲ, ಅದು ಕರಗಿಸುವ ಮಾಧ್ಯಮ ಅಷ್ಟೆ. ಇದ್ದಿಲು ಉರಿದು ಬಂದ ಗಾಳಿಯೇ ಕಾರ್ಬೋನಿಕ್ ಆಮ್ಲ. ಇಂಗ್ಲಿಷ್ ಪಠ್ಯಗಳು 19ನೆಯ ಶತಮಾನದ ಉತ್ತರಾರ್ಧದವರೆಗೂ ಅದನ್ನು ‘ಕಾರ್ಬೋನಿಕ್ ಆಸಿಡ್ ಗ್ಯಾಸ್’ ಎಂದೇ ಕರೆಯುತ್ತಿದ್ದವು. ಕನ್ನಡದ ‘ಇಂಗಾಲಾಮ್ಲ ವಾಯು’ ಅದರ ಅಕ್ಷರಶಃ ಅನುವಾದ. ಎಡವಿದ್ದು ಎಲ್ಲಿ? 1918ರಲ್ಲಿ ಬೆಂಗಳೂರಿನಿಂದ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ಯರ ತಲೆಮಾರು ಪದಗಳನ್ನು ಗಾಳಿಯಲ್ಲಿ ಹುಟ್ಟಿಸಲಿಲ್ಲ. ಅವರ ಮುಂದೆ ನೂರು ವರ್ಷದ ಯುರೋಪಿನ ಬಳಕೆ ಇತ್ತು. (ಇನ್ನೊಂದು ತಮಾಷೆಯಿದೆ. ‘ಇಂಗಾಲಾಮ್ಲ’ವನ್ನು ಅಳಿಸುವವರು ‘ಆಮ್ಲಜನಕ’ವನ್ನು ಉಸಿರುಸಿರಿಗೂ ಬಳಸುತ್ತಾರೆ. ಆಮ್ಲವನ್ನು ಹುಟ್ಟಿಸುವುದು ಎಂಬ ಆ ಅರ್ಥ ಕುಸಿದದ್ದು 1810ರಲ್ಲಿ, ಕ್ಲೋರಿನ್ ಒಂದು ಧಾತು, ಅದರ ಆಮ್ಲದಲ್ಲಿ ಆಮ್ಲಜನಕವೇ ಇಲ್ಲ ಎಂದು ಹಂಫ್ರಿ ಡೇವಿ ಸಾರಿದಾಗ. ‘ಇಂಗಾಲಾಮ್ಲ’ವನ್ನು ತಿದ್ದುವವರು ಬರೆಸುವ ‘ಆಕ್ಸೈಡ್’ ಕೂಡ ಫ್ರೆಂಚಿನ ‘ಆಕ್ಸಿಜನ್’ ಪದದ ತಲೆ, ‘ಆಸಿಡ್’ ಪದದ ಬಾಲ ಸೇರಿಸಿ ಕಟ್ಟಿದ ಮಾತು. ಮುಂಬಾಗಿಲಿನಿಂದ ಹೊರಹಾಕಿದ ಆಮ್ಲ ಹಿತ್ತಲಿಂದ ಒಳಗೆ ಬಂದಿದೆ.)

ಈಗ ಪೀಣ್ಯದ ಡ್ರಮ್ಮಿಗೆ ಬರೋಣ. ಸೈಬೀರಿಯಾದ ಕೆಂಪು ಸೀಸದ ಅದಿರಿನಲ್ಲಿ ಫ್ರೆಂಚ್ ರಸಾಯನಜ್ಞ ವೊಕ್ಲಾ ಕ್ರೋಮಿಯಂ ಎಂಬ ಹೊಸ ಲೋಹವನ್ನು ಗುರುತಿಸಿದ್ದು 1797ರಲ್ಲಿ. ಅದಿರಿನಲ್ಲಿ ಸೀಸದೊಡನೆ ಕೂಡಿದ್ದ ಭಾಗವನ್ನು ಆತ ಕ್ರೋಮಿಕ್ ಆಮ್ಲವೆಂದು ಕರೆದ. ಹತ್ತು ವರ್ಷದ ಹಿಂದಿನ ಪದ್ಧತಿಯ ಪ್ರಕಾರ ಅದು ಚೊಕ್ಕ ಹೆಸರು. ಮುಂದೆ ಸ್ವೀಡನ್ನಿನ ರಸಾಯನಜ್ಞ ಬರ್ಜೀಲಿಯಸ್ ಲವಣಗಳನ್ನು ‘ಪ್ರತ್ಯಾಮ್ಲದ ಆಕ್ಸೈಡು, ಆಮ್ಲದ ಆಕ್ಸೈಡು’ ಎಂಬ ಜೋಡಿಗಳಾಗಿ ಬರೆದ. ಕ್ರೋಮೇಟುಗಳೂ ಸಲ್ಫೇಟುಗಳೂ ಒಂದೇ ಆಕಾರದ ಹರಳು ಕಟ್ಟುತ್ತವೆಂದು ಮಿಟ್ಷರ್ಲಿಖ್ ತೋರಿಸಿದ್ದನ್ನು ಆಧಾರವಾಗಿಟ್ಟುಕೊಂಡು 1826ರಲ್ಲಿ ಪರಮಾಣು ತೂಕಗಳನ್ನು ತಿದ್ದಿದ. ಆಗ ಕ್ರೋಮಿಕ್ ಆಮ್ಲಕ್ಕೆ ದಕ್ಕಿದ ಸೂತ್ರವೇ ಸಿಆರ್‌ಒ3. ಅಂದರೆ ಡ್ರಮ್ಮಿನ ಮೇಲಿನ ಹೆಸರೂ ಸೂತ್ರವೂ ಒಂದಕ್ಕೊಂದು ಹಗೆಗಳಲ್ಲ, ಒಂದೇ ಮನೆಯವು. ಜಗಳ ಹುಟ್ಟಿದ್ದು ಆಮೇಲೆ: 1838ರಲ್ಲಿ ಲೀಬಿಗ್ ಆಮ್ಲದ ಗುರುತನ್ನು ಲೋಹಕ್ಕೆ ಜಾಗ ಬಿಟ್ಟುಕೊಡುವ ಜಲಜನಕಕ್ಕೆ ಕಟ್ಟಿದಾಗ.

ಇದಕ್ಕೆ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಹಳುಕು ನೀರಿಗೆ ಬಿದ್ದರೆ ನಿಜಕ್ಕೂ ಆಮ್ಲವಾಗುತ್ತದೆ, ಪ್ಲೇಟಿಂಗಿನವರು ಟ್ಯಾಂಕಿನ ಗುಣ ನೋಡಿ ಡ್ರಮ್ಮಿಗೆ ಹೆಸರಿಟ್ಟಿರಬೇಕು ಎಂಬುದು. ವಾದ ಸುಲಭವಾಗಿದೆ, ಕಾಲ ಮಾತ್ರ ಕೂಡಿಬರುವುದಿಲ್ಲ. ಕ್ರೋಮ್ ಪ್ಲೇಟಿಂಗ್ ಉದ್ಯಮವಾದದ್ದು 1920ರ ದಶಕದಲ್ಲಿ, ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಅವರ ಕೆಲಸದ ನಂತರ. ಹೆಸರು ಅದಕ್ಕಿಂತ ನೂರಿಪ್ಪತ್ತು ವರ್ಷ ಹಳೆಯದು.

ಟ್ಯಾಂಕಿನ ಸಾಕ್ಷ್ಯವೂ ಬೇರೆಯೇ ಇದೆ. ಹಾರ್ಡ್ ಕ್ರೋಮ್ ಬಾತ್‌ನ ಸಾಮಾನ್ಯ ಪಾಕ: ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಸಿಡ್, 2.5 ಗ್ರಾಂ ಸಲ್ಫ್ಯೂರಿಕ್ ಆಸಿಡ್, ಅಂದರೆ 100ಕ್ಕೆ 1. ಇಲ್ಲಿ ಮೊದಲನೆಯ ‘ಆಸಿಡ್’ನಲ್ಲಿ ನೀರು ಸೇರಿಲ್ಲ, ಎರಡನೆಯದರಲ್ಲಿ ಸೇರಿದೆ. ಒಂದು ಲೆವಾಸಿಯೆಯ ಆಮ್ಲ, ಇನ್ನೊಂದು ಲೀಬಿಗ್‌ನ ಆಮ್ಲ; ಎರಡೂ ಒಂದೇ ಟ್ಯಾಂಕಿನಲ್ಲಿ. ಪಠ್ಯಪುಸ್ತಕವನ್ನು ನಂಬಿ ಕ್ರೋಮಿಕ್ ಆಸಿಡ್ ಎಂದರೆ ಎಚ್2ಸಿಆರ್‌ಒ4 ಎಂದು ಹಟ ಹಿಡಿದರೆ ಏನಾಗುತ್ತದೆ? ಅದರ ಅಣುತೂಕ 118, ಹಳುಕಿನದು 100. ಆಗ 250 ಗ್ರಾಂ ಬದಲು 212 ಗ್ರಾಂ ಹಳುಕನ್ನಷ್ಟೇ ತೂಗಬೇಕಾಗುತ್ತದೆ. ಸಾವಿರ ಲೀಟರಿನ ಟ್ಯಾಂಕಿಗೆ 38 ಕಿಲೋ ಕಡಿಮೆ, 100ಕ್ಕೆ 1 ಇದ್ದ ಪ್ರಮಾಣ 85ಕ್ಕೆ 1. ಲೇಪನ ಕೆಡುತ್ತದೆ, ಜಾಬ್ ವಾಪಸ್ ಬರುತ್ತದೆ. ಶೆಡ್ಡಿನವರು ಹಾಗೆ ತೂಗುವುದಿಲ್ಲ. ಬರ್ಜೀಲಿಯಸ್‌ನ ಹೆಸರು ಕೇಳದೆಯೇ ಅವನ ಸೂತ್ರದ ಪ್ರಕಾರ ತೂಗುತ್ತಾರೆ.

ಪೀಣ್ಯ ಒಂದೇ ಅಲ್ಲ. ರಸಗೊಬ್ಬರದ ಚೀಲದ ಮೇಲಿನ 17:17:17ರಲ್ಲಿ ನಡುವಿನ 17 ರಂಜಕದ್ದಲ್ಲ, ಪಿ2ಒ5ರದ್ದು. ಅದೂ ಒಂದು ಕಾಲದ ‘ಫಾಸ್ಫಾರಿಕ್ ಆಮ್ಲ’ವೇ. ಶೆಡ್ಡಿನ ಹಿಂಬದಿಯ ಇಟಿಪಿಯಲ್ಲಿ (ತ್ಯಾಜ್ಯನೀರು ಶುದ್ಧೀಕರಣ ಘಟಕದಲ್ಲಿ) ಇನ್ನೂ ಹಿಂದಿನ ಪದರವಿದೆ. ಹಳದಿ ತೊಳೆನೀರಿನಲ್ಲಿರುವ ಆರು ವೇಲೆನ್ಸಿಯ ಕ್ರೋಮಿಯಂ ಅನ್ನು ಮೂರಕ್ಕಿಳಿಸಲು ಫೆರಸ್ ಸಲ್ಫೇಟ್ ಹಾಕಿ, ನೀರು ಹಸಿರಾದ ಮೇಲೆ ಸುಣ್ಣದಿಂದ ಗಸಿ ಇಳಿಸುತ್ತಾರೆ. ಆ ಫೆರಸ್ ಸಲ್ಫೇಟಿಗೆ ಕನ್ನಡದ ಗ್ರಂದಿಗೆ ಅಂಗಡಿ ಇಟ್ಟ ಹೆಸರು ಅನ್ನಭೇದಿ, ಯಾವ ಸೂತ್ರದ ಹಂಗೂ ಇಲ್ಲದ್ದು.

ಆದರೆ ಹಳೆಯ ಹೆಸರಿನ ಪರವಾದ ಈ ವಕಾಲತ್ತಿಗೆ ಒಂದು ಮಿತಿಯಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ‘ಆಸಿಡ್’ ಎಂದೊಡನೆ ಕೆಲಸಗಾರ ಕೈಗವಸು ಹುಡುಕುತ್ತಾನೆ, ಚರ್ಮ ಸುಟ್ಟೀತೆಂದು. ಒಣ ಹಳುಕು ಚರ್ಮವನ್ನು ಸುಡುವುದು ನಿಜ. ಆದರೆ ಅದರ ಪಕ್ಕ ಸ್ಪಿರಿಟ್ಟೋ ಎಣ್ಣೆ ಹೀರಿದ ಬಟ್ಟೆಚೂರೋ ಇದ್ದರೆ ಬೆಂಕಿಯೇ ಹೊತ್ತಿಕೊಳ್ಳಬಹುದು. ಆ ಎಚ್ಚರಿಕೆ ‘ಆಸಿಡ್’ ಎಂಬ ಪದದಲ್ಲಿಲ್ಲ. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿ ಇಲ್ಲಿ ಮೇಷ್ಟ್ರುಗಳ ಪಕ್ಷ ವಹಿಸಿದೆ. ಅದರಲ್ಲಿ ಕ್ರೋಮಿಕ್ ಆಸಿಡ್ ಎಂಬ ಹೆಸರು ದ್ರಾವಣಕ್ಕಷ್ಟೇ ಮೀಸಲು: ಸಂಖ್ಯೆ 1755, ವರ್ಗ 8, ಕೊರೆಯುವ ವಸ್ತು. ಡ್ರಮ್ಮಿನ ಹಳುಕು ‘ನೀರಿಲ್ಲದ ಕ್ರೋಮಿಯಂ ಟ್ರೈಆಕ್ಸೈಡ್’: ಸಂಖ್ಯೆ 1463, ವರ್ಗ 5.1, ಉರಿಗೆ ಆಮ್ಲಜನಕ ಉಣಿಸುವ ವಸ್ತು.