ಮದ್ದಿನ ಜೊತೆಗೆ ತಿಳಿವಳಿಕೆ

ಶತಮಾನೋತ್ಸವದ ಸ್ಮರಣ ಸಂಚಿಕೆಗಳಲ್ಲಿ ದೇವಾಲಯದ ಅಸ್ತಿಭಾರ, ಗೋಪುರ, ಘಂಟೆ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ ಇವೆಲ್ಲ ತಪ್ಪದೆ ಸ್ಥಾನ ಪಡೆಯುತ್ತವೆ. ಪಡೆಯತಕ್ಕದ್ದೇ ಸರಿ. ಆದರೆ ಕಪಿಲಾ ತೀರದ ನಂಜನಗೂಡು ಮತ್ತು ಸಂಗಮ ಕ್ಷೇತ್ರವಾದ ತಿರುಮಕೂಡಲು ನರಸೀಪುರ, ಈ ಎರಡು ತಾಲ್ಲೂಕುಗಳ ಚರಿತ್ರೆಯಲ್ಲಿ ಯಾವ ಶಿಲಾಫಲಕದಲ್ಲಿಯೂ ಕಾಣದ ಅಧ್ಯಾಯವೊಂದಿದೆ. ವೈದ್ಯರು ದೂರವಿದ್ದ ಹಳ್ಳಿಗಳಲ್ಲಿ ರೋಗಿಯ ಬಳಿ ಕುಳಿತವರಿಗೆ ಬೇಕಾದ ತಿಳಿವಳಿಕೆ ಎಲ್ಲಿಂದ ಬಂತು, ಯಾವ ಭಾಷೆಯಲ್ಲಿ ಬಂತು ಎಂಬುದೇ ಆ ಅಧ್ಯಾಯ. ಅದನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸಲು ಬಯಸುತ್ತೇವೆ.

ನಂಜನಗೂಡಿನ ಹೆಸರೇ ನಂಜನ್ನುಂಡ ದೇವರ ಹೆಸರು. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಇಲ್ಲಿ ಗುಣವಾಯಿತೆಂದೂ, ಅಂದಿನಿಂದ ಆತನು ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನೆಂದೂ ಪ್ರತೀತಿ. 1913ರಲ್ಲಿ ಬಿ.ವಿ. ಪಂಡಿತರು ಸ್ಥಾಪಿಸಿದ ಸದ್ವೈದ್ಯಶಾಲೆ ಹಲ್ಲುಪುಡಿಯ ಮೂಲಕ ಊರಿನ ಹೆಸರನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. ಹಳ್ಳಿಗಳಲ್ಲಿಯಾದರೋ ಸೂಲಗಿತ್ತಿಯರೂ ನಾಟಿವೈದ್ಯರೂ ಜನರ ಆಸರೆಯಾಗಿದ್ದರು. ಅವರ ವಿದ್ಯೆ ಬಾಯಿಂದ ಬಾಯಿಗೆ ಬಂದದ್ದು. ಬಲ್ಲವರು ಕಾಲವಾದಾಗ ಅದರಲ್ಲಿ ಎಷ್ಟೋ ಅವರೊಡನೆಯೇ ಕಣ್ಮರೆಯಾಯಿತು. ತಪ್ಪು ನಂಬಿಕೆಯೊಂದು ಸೇರಿಕೊಂಡರೆ ತಿದ್ದಲು ಪುಸ್ತಕವಿರಲಿಲ್ಲ.

ಹೊಸ ವಿದ್ಯೆ ಬಂದಾಗ ಅದನ್ನು ಜನರಿಗೆ ಮನದಟ್ಟು ಮಾಡಿಕೊಡುವುದೇ ಕಷ್ಟದ ಕೆಲಸವಾಯಿತು. 1799ರ ನಂತರ ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಗುರು ಅಬ್ಬೆ ದ್ಯುಬ್ವಾ ಅವರು ಸಿಡುಬಿನ ವಿರುದ್ಧ ದೇವಿ ಹಾಕಿಸುವ ಕಾರ್ಯವನ್ನು ಪ್ರಚಾರ ಮಾಡಿದರು. ಜನರ ಭಾಷೆ, ನಡೆನುಡಿಗಳನ್ನು ಕಲಿತಿದ್ದುದು ಅವರಿಗೆ ನೆರವಾಯಿತೆಂಬುದರಲ್ಲಿ ಸಂದೇಹವಿಲ್ಲ.

ಮುಂದೆ ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆಯಿತು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವೈದ್ಯಕೀಯ ಕಾಲೇಜು ಮುಂದೆ ಮೈಸೂರಿಗೆ ಬಂತು. ಆದರೆ ವೈದ್ಯಗ್ರಂಥಗಳೆಲ್ಲ ಇಂಗ್ಲಿಷಿನಲ್ಲಿ. ಹುಲ್ಲಹಳ್ಳಿ, ಬನ್ನೂರು, ತಲಕಾಡುಗಳ ಸುತ್ತಿನ ಜನರ ಮಾತೆಲ್ಲ ಕನ್ನಡದಲ್ಲಿ. ಈ ಕಂದಕವನ್ನು ತುಂಬಲು ಕೆಲವರು ಶ್ರಮಿಸಿದರು. ಮೈಸೂರು ವಿಶ್ವವಿದ್ಯಾನಿಲಯವು ಪ್ರಚಾರ ಪುಸ್ತಕಮಾಲೆಯ ಮೂಲಕ ಸಾಮಾನ್ಯರಿಗೆ ತಿಳಿಯುವ ಕಿರುಹೊತ್ತಗೆಗಳನ್ನು ಹೊರತಂದಿತು. ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನರು ‘ತಾಯಿ ಮಗು’ವಿನಂತಹ ಪುಸ್ತಕಗಳನ್ನು ಬರೆದು ಗೃಹಿಣಿಯರಿಗೆ ಉಪಕಾರ ಮಾಡಿದರು.

ಧರ್ಮಸಭೆಯ ಪಾಲನ್ನೂ ಇಲ್ಲಿ ಸ್ಮರಿಸಬೇಕು. ಆಸ್ಟ್ರೇಲಿಯದಿಂದ 1920ರಲ್ಲಿ ಗುಂಟೂರಿಗೆ ಬಂದ ವೈದ್ಯೆ, ಧರ್ಮಭಗಿನಿ ಮೇರಿ ಗ್ಲೌರಿ ಅವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಒಂದೊಂದು ಊರಿನಲ್ಲಿ ಒಂಟಿಯಾಗಿ ದುಡಿಯುತ್ತಿದ್ದ ದವಾಖಾನೆಗಳು ಪರಸ್ಪರರ ಅನುಭವವನ್ನು ಹಂಚಿಕೊಳ್ಳಲು ಇದರಿಂದ ಹಾದಿಯಾಯಿತು. ಆ ಮಹಾತಾಯಿ 1957ರಲ್ಲಿ ಬೆಂಗಳೂರಿನಲ್ಲಿ ದೈವಾಧೀನರಾದರು. ಅದೇ ನಗರದಲ್ಲಿ 1963ರಲ್ಲಿ ಸಂತ ಜಾನರ ವೈದ್ಯಕೀಯ ಕಾಲೇಜು ಪ್ರಾರಂಭವಾಯಿತು. 1984ರಲ್ಲಿ ಅಲ್ಲಿನ ಅಧ್ಯಾಪಕರಾಗಿದ್ದ ಕೆಲವರು ಹೊರಬಂದು ‘ಕಮ್ಯೂನಿಟಿ ಹೆಲ್ತ್ ಸೆಲ್’ ಎಂಬ ಕೇಂದ್ರವನ್ನು ತೆರೆದರು. ಹಳ್ಳಿಗಾಡಿನಲ್ಲಿ ದುಡಿಯುವವರ ಪ್ರಶ್ನೆಗಳಿಗೆ ನೆರವಾಗುವುದು, ಅವರಿಗಾಗಿ ಪುಸ್ತಕ ಭಂಡಾರವನ್ನು ಬೆಳೆಸುವುದು ಆ ಕೇಂದ್ರದ ಕಾರ್ಯಗಳಲ್ಲಿ ಸೇರಿದ್ದವು.

ಇದೇ ಕಾಲದಲ್ಲಿ ಮೆಕ್ಸಿಕೋ ದೇಶದ ಬೆಟ್ಟದ ಹಳ್ಳಿಗಳಿಂದಲೂ ಒಂದು ಪುಸ್ತಕ ಬಂತು. ವೈದ್ಯರಲ್ಲದ ಡೇವಿಡ್ ವರ್ನರ್ ಎಂಬುವರು ವೈದ್ಯರಿಲ್ಲದ ಊರುಗಳಿಗಾಗಿ 1973ರಲ್ಲಿ ಸ್ಪ್ಯಾನಿಷ್ ಭಾಷೆಯಲ್ಲಿ ಪ್ರಕಟಿಸಿದ ಈ ಕೈಪಿಡಿ 1977ರಲ್ಲಿ ಇಂಗ್ಲಿಷಿಗೂ, ತರುವಾಯ ಹಲವು ಭಾರತೀಯ ಭಾಷೆಗಳಿಗೂ ಇಳಿಯಿತು. ಸರಳ ಮಾತು, ಪುಟಪುಟಕ್ಕೂ ಚಿತ್ರ. ಯಾವ ರೋಗವನ್ನು ಮನೆಯಲ್ಲಿಯೇ ಉಪಚರಿಸಬಹುದು, ಯಾವಾಗ ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು ಎಂಬ ವಿವೇಕವನ್ನು ಅದು ಕಲಿಸಿತು.

ಇಂತಹ ತಿಳಿವಳಿಕೆಯ ಬೆಲೆ ಎಷ್ಟೆಂಬುದಕ್ಕೆ ಒಂದೇ ನಿದರ್ಶನ ಸಾಕು. ಭೇದಿಯಾಗುವ ಮಗುವಿಗೆ ನೀರು ಕೊಡಬಾರದೆಂಬ ನಂಬಿಕೆ ಬಹಳ ಕಡೆ ಬೇರೂರಿತ್ತು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿದಾಗ, ಡಾ. ದಿಲೀಪ್ ಮಹಾಲನಬಿಸ್ ಅವರು ಉಪ್ಪು ಮತ್ತು ಸಕ್ಕರೆಯ ದ್ರಾವಣವನ್ನು ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವಿನ ಪ್ರಮಾಣ ಶೇಕಡಾ 4ಕ್ಕಿಂತ ಕೆಳಗಿಳಿಯಿತು. ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು: ಇಷ್ಟೇ ಮದ್ದು. ಆದರೆ ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಆದ್ದರಿಂದ ಅಳತೆಯನ್ನು ತಾಯಿಗೆ ಅರ್ಥವಾಗುವ ಮಾತಿನಲ್ಲಿ, ಅವಳ ಮನೆಯ ಪಾತ್ರೆಯನ್ನೇ ಮುಂದಿಟ್ಟು ಹೇಳಿಕೊಡಬೇಕು. ಸಕ್ಕರೆ, ಉಪ್ಪುಗಳು ಬಡವರ ಮನೆಯಲ್ಲಿಯೂ ಇದ್ದವು. ಇಲ್ಲದಿದ್ದುದು ಈ ಅರಿವೊಂದೇ.

2005ರಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಫಲವಾಗಿ ಈ ಹೊಣೆ ಊರಿನ ಹೆಣ್ಣುಮಕ್ಕಳೇ ಆದ ಆಶಾ ಕಾರ್ಯಕರ್ತೆಯರಿಗೆ ಬಂದಿದೆ. ಸುಮಾರು 1,000 ಜನಸಂಖ್ಯೆಗೆ ಒಬ್ಬರಂತೆ ನೇಮಕಗೊಂಡ ಅವರಿಗೆ ಗರ್ಭಿಣಿಯರ ಆರೈಕೆ, ಎಳೆಗೂಸಿನ ಪಾಲನೆ ಮುಂತಾದವುಗಳ ತರಬೇತಿ ಪುಸ್ತಕಗಳಿವೆ. 2020ರ ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಕೋವಿಡ್ ಕಂಡು, ಬಳಿಕ ಆ ಸಂಪರ್ಕದಿಂದ 70ಕ್ಕೂ ಹೆಚ್ಚು ಮಂದಿಗೆ ಸೋಂಕು ತಗಲಿದಾಗ ಇಡೀ ತಾಲ್ಲೂಕು ತಲ್ಲಣಿಸಿತು. ಮದ್ದು ತಯಾರಿಸುವ ಊರಿನಲ್ಲಿಯೇ ಆ ಹೊಸ ರೋಗಕ್ಕೆ ಮದ್ದಿರಲಿಲ್ಲ. ಗಾಳಿಸುದ್ದಿ ರೋಗಕ್ಕಿಂತ ವೇಗವಾಗಿ ಹರಡುತ್ತಿದ್ದ ಆ ದಿನಗಳಲ್ಲಿ, ಮನೆಮನೆಯ ಬಾಗಿಲಿಗೆ ನಿಜವಾದ ಮಾತನ್ನು ಒಯ್ಯುವ ಕೆಲಸ ಆಶಾ ಕಾರ್ಯಕರ್ತೆಯರ ಪಾಲಿಗೆ ಬಂತು.

ಪ್ರಿಯ ಭಕ್ತಾದಿಗಳೇ, ವೈದ್ಯಶಾಸ್ತ್ರ ಒಂದೇ ಕಡೆ ನಿಲ್ಲುವುದಿಲ್ಲ. ನಿನ್ನೆಯ ಪುಸ್ತಕದ ಸಲಹೆ ಇಂದು ತಪ್ಪಾಗಬಹುದು. ಆದ್ದರಿಂದ ಪ್ರತಿ ಧರ್ಮಕೇಂದ್ರದ ವಾಚನಾಲಯದಲ್ಲಿಯೂ ಕನ್ನಡದ ಆರೋಗ್ಯ ಪುಸ್ತಕಗಳಿಗೆಂದು ಒಂದು ಕಪಾಟು ಇರಲಿ. ಬಲ್ಲ ವೈದ್ಯರೊಬ್ಬರು ವರ್ಷಕ್ಕೊಮ್ಮೆ ಅದನ್ನು ಪರಿಶೀಲಿಸಿ ಹಳತನ್ನು ತೆಗೆದು ಹೊಸತನ್ನು ಇರಿಸಲಿ. ಯಾವ ಮತದವರೇ ಆಗಲಿ, ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಅದರ ಬಾಗಿಲು ತೆರೆದಿರಲಿ. ಇದಕ್ಕೆ ತಗಲುವ ವೆಚ್ಚ ಅಲ್ಪ. ಒಂದು ಮಗು ಉಳಿದರೂ ಅದು ಸಾರ್ಥಕವೆಂದು ನಾವು ಭಾವಿಸುತ್ತೇವೆ.