ಕ್ಷಮಾದಾನ ಒಂದೇ, ಇಂಗ್ಲಿಷ್ ಪದಗಳು ಐದು

ಗಲ್ಲು ಶಿಕ್ಷೆಗೆ ಗುರಿಯಾದವನ ಅರ್ಜಿ ರಾಷ್ಟ್ರಪತಿ ಭವನ ತಲುಪಿದಾಗಲೂ, ಸನ್ನಡತೆಯ ಆಧಾರದ ಮೇಲೆ ಕೈದಿಗಳು ಕಾರಾಗೃಹದಿಂದ ಹೊರಬಂದಾಗಲೂ ಕನ್ನಡದ ಸುದ್ದಿಗಳಲ್ಲಿ ಕಾಣಸಿಗುವುದು ‘ಕ್ಷಮೆ’ ಅಥವಾ ‘ಕ್ಷಮಾದಾನ’ ಎಂಬ ಒಂದೇ ಮಾತು. ಆದರೆ ಸಂವಿಧಾನದ 72ನೇ ವಿಧಿಯು ರಾಷ್ಟ್ರಪತಿಗೂ 161ನೇ ವಿಧಿಯು ರಾಜ್ಯಪಾಲರಿಗೂ ನೀಡಿರುವ ಅಧಿಕಾರವನ್ನು ಇಂಗ್ಲಿಷಿನಲ್ಲಿ ಹೇಳುವಾಗ ಪಾರ್ಡನ್, ರಿಪ್ರೀವ್, ರೆಸ್ಪೈಟ್, ರೆಮಿಷನ್ ಎಂಬ ಪದಗಳನ್ನು ಸಾಲಾಗಿ ಬಳಸಲಾಗಿದೆ. ಕಮ್ಯೂಟ್ ಎಂಬ ಕ್ರಿಯಾಪದವೂ ಜೊತೆಗಿದೆ. ಮೇಲ್ನೋಟಕ್ಕೆ ಇವು ಪರ್ಯಾಯ ಪದಗಳಂತೆ ಕಂಡರೂ ಪರಿಣಾಮ ಬೇರೆ ಬೇರೆ.

ನಿಜವಾದ ಅರ್ಥದಲ್ಲಿ ಕ್ಷಮೆ ಎನಿಸುವುದು ಪಾರ್ಡನ್ ಮಾತ್ರ. ಅದು ಶಿಕ್ಷೆಯಿಂದಷ್ಟೇ ಅಲ್ಲ, ಅಪರಾಧಿ ಎನಿಸಿಕೊಂಡದ್ದರಿಂದ ಒದಗುವ ಅನರ್ಹತೆಗಳಿಂದಲೂ ವ್ಯಕ್ತಿಯನ್ನು ಮುಕ್ತಗೊಳಿಸುತ್ತದೆ. ಹಾಗೆಂದು ಅದು ಖುಲಾಸೆಯಲ್ಲ. ಕೇಹರ್ ಸಿಂಗ್ ಪ್ರಕರಣದಲ್ಲಿ (1988) ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದಂತೆ, ರಾಷ್ಟ್ರಪತಿಯವರು ಸಾಕ್ಷ್ಯವನ್ನು ಸ್ವತಃ ಪರಿಶೀಲಿಸಬಹುದಾದರೂ ನ್ಯಾಯಾಲಯದ ದಾಖಲೆಯನ್ನು ತಿದ್ದುವುದಿಲ್ಲ. ಉಳಿದ ನಾಲ್ಕು ಪದಗಳು ಅಪರಾಧ ನಿರ್ಣಯವನ್ನು ಮುಟ್ಟುವುದೇ ಇಲ್ಲ; ಅವುಗಳ ಸಂಬಂಧ ಶಿಕ್ಷೆಯೊಡನೆ ಮಾತ್ರ.

ಹೆಚ್ಚು ಗೊಂದಲ ಇರುವುದು ಕಮ್ಯುಟೇಷನ್ ಮತ್ತು ರೆಮಿಷನ್ ನಡುವೆ. ಮೊದಲನೆಯದರಲ್ಲಿ ಶಿಕ್ಷೆಯ ಸ್ವರೂಪವೇ ಬದಲಾಗುತ್ತದೆ: ಗಲ್ಲು ಹೋಗಿ ಜೀವಾವಧಿ, ಕಠಿಣ ಸಜೆ ಹೋಗಿ ಸಾದಾ ಸಜೆ. ಎರಡನೆಯದರಲ್ಲಿ ಸ್ವರೂಪ ಹಾಗೆಯೇ ಉಳಿದು ಅವಧಿ ಮಾತ್ರ ತಗ್ಗುತ್ತದೆ; ಹತ್ತು ವರ್ಷದ ಕಠಿಣ ಸಜೆ ಎಂಟು ವರ್ಷದ ಕಠಿಣ ಸಜೆಯಾಗುತ್ತದೆ. ಮೂಲವನ್ನು ನೋಡಿದರೆ ನೆನಪಿಡುವುದು ಸುಲಭ. ಕಮ್ಯೂಟ್ ಎಂದರೆ ಲ್ಯಾಟಿನ್‌ನಲ್ಲಿ ಬದಲಾಯಿಸು. ನಿತ್ಯ ರೈಲಿನಲ್ಲಿ ಓಡಾಡುವವರಿಗೆ ಕಮ್ಯೂಟರ್ ಎಂಬ ಹೆಸರು ಬಂದದ್ದೂ ಇದರಿಂದಲೇ. ಅಮೆರಿಕದಲ್ಲಿ ದಿನದಿನದ ಟಿಕೆಟ್ ದರವನ್ನು ಅಗ್ಗದ ಒಂದೇ ಮೊತ್ತಕ್ಕೆ ‘ಬದಲಾಯಿಸಿ’ ಕೊಡುತ್ತಿದ್ದ ಪಾಸು ಅದರ ಮೂಲ.

1993ರ ಪಾಲಾರ್ ನೆಲಬಾಂಬ್ ಸ್ಫೋಟದ ಪ್ರಕರಣವು ಕಮ್ಯುಟೇಷನ್‌ಗೆ ಕರ್ನಾಟಕದವರಿಗೆ ಪರಿಚಿತವಾದ ಉದಾಹರಣೆ. ವೀರಪ್ಪನ್‌ನ ನಾಲ್ವರು ಸಹಚರರ ಅರ್ಜಿಯನ್ನು ರಾಷ್ಟ್ರಪತಿ 2013ರಲ್ಲಿ ತಿರಸ್ಕರಿಸಿದರು. ಅರ್ಜಿ ಇತ್ಯರ್ಥದಲ್ಲಾದ ದೀರ್ಘ ವಿಳಂಬವನ್ನು ಪರಿಗಣಿಸಿ ಸುಪ್ರೀಂ ಕೋರ್ಟ್ 2014ರ ಜನವರಿ 21ರಂದು ಅವರ ಗಲ್ಲನ್ನು ಜೀವಾವಧಿಗೆ ಇಳಿಸಿತು. ಇಲ್ಲಿ ಯಾರೂ ಯಾರನ್ನೂ ಕ್ಷಮಿಸಲಿಲ್ಲ, ಬದಲಾದದ್ದು ಶಿಕ್ಷೆ.

ರೆಮಿಷನ್‌ಗೆ ಬಿಲ್ಕಿಸ್ ಬಾನು ಪ್ರಕರಣವನ್ನು ನೋಡಬಹುದು. ಗುಜರಾತ್ ಸರ್ಕಾರ 2022ರ ಆಗಸ್ಟ್‌ನಲ್ಲಿ 11 ಮಂದಿ ಜೀವಾವಧಿ ಕೈದಿಗಳನ್ನು ಬಿಡುಗಡೆ ಮಾಡಿದ್ದು ರೆಮಿಷನ್ ಮೂಲಕ. ಅವರನ್ನು ಹಾರ ಹಾಕಿ ಸ್ವಾಗತಿಸಿದವರು ಏನೇ ತಿಳಿದಿದ್ದರೂ ಕಾನೂನಿನ ದೃಷ್ಟಿಯಲ್ಲಿ ಅವರು ಅಪರಾಧಿಗಳಾಗಿಯೇ ಉಳಿದಿದ್ದರು. ವಿಚಾರಣೆ ನಡೆದದ್ದು ಮಹಾರಾಷ್ಟ್ರದಲ್ಲಾದ್ದರಿಂದ ಗುಜರಾತಿಗೆ ಆ ಅಧಿಕಾರವಿಲ್ಲವೆಂದು ಸುಪ್ರೀಂ ಕೋರ್ಟ್ 2024ರ ಜನವರಿ 8ರಂದು ಆದೇಶವನ್ನು ರದ್ದುಪಡಿಸಿ, ಎರಡು ವಾರಗಳೊಳಗೆ ಶರಣಾಗುವಂತೆ ಅವರಿಗೆ ಸೂಚಿಸಿತು.

ಜೀವಾವಧಿ ಎಂದರೆ 14 ವರ್ಷ ಎಂಬ ಜನಜನಿತ ನಂಬಿಕೆಯ ಬೇರು ಇರುವುದೂ ರೆಮಿಷನ್‌ನಲ್ಲಿ. ಜೀವಾವಧಿ ಎಂದರೆ ಜೀವ ಇರುವವರೆಗೆ. ಗಲ್ಲು ವಿಧಿಸಬಹುದಾದ ಅಪರಾಧಕ್ಕೆ ಜೀವಾವಧಿ ಪಡೆದವರನ್ನು ಸರ್ಕಾರವು ಸಾಮಾನ್ಯ ಕಾನೂನಿನಡಿ ಬಿಡುಗಡೆ ಮಾಡಬೇಕಾದರೆ ಅವರು ಕನಿಷ್ಠ 14 ವರ್ಷ ಒಳಗಿರಬೇಕು ಎಂಬುದಷ್ಟೇ ನಿಯಮ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 433ಎ ಕಲಮಿನಲ್ಲಿದ್ದ ಇದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಕಲಮಿನಲ್ಲಿದೆ.

ಇನ್ನು ರಿಪ್ರೀವ್ ಎಂದರೆ ಶಿಕ್ಷೆಯ, ವಿಶೇಷವಾಗಿ ಗಲ್ಲಿನ, ಜಾರಿಯನ್ನು ತಾತ್ಕಾಲಿಕವಾಗಿ ತಡೆಹಿಡಿಯುವುದು. ರೆಸ್ಪೈಟ್ ಎಂಬುದಕ್ಕೆ ನಿಘಂಟುಗಳು ಬಿಡುವು, ಮುಂದೂಡಿಕೆ ಎಂಬ ಅರ್ಥವನ್ನು ಕೊಡುತ್ತವೆ. ನಮ್ಮ ಸಂವಿಧಾನದ ಪಠ್ಯಪುಸ್ತಕಗಳಾದರೋ, ಗರ್ಭಿಣಿ ಎಂಬಂತಹ ವಿಶೇಷ ಕಾರಣಕ್ಕೆ ಕಡಿಮೆ ಶಿಕ್ಷೆ ನೀಡುವುದು ಎಂದು ವಿವರಿಸುತ್ತವೆ. ಪೆರೋಲ್ ಈ ಗುಂಪಿಗೆ ಸೇರಿದ್ದಲ್ಲ. ಅದು ಕೈದಿಗೆ ಸಿಗುವ ರಜೆ. ಅವಧಿ ಮುಗಿದೊಡನೆ ಮರಳಬೇಕು.