ಇನ್‌ಫ್ಲುಯೆಂಜ ಮರಣಗಳು: ಗಣನೆ ಮತ್ತು ತುಲನೆಯ ಇತಿಹಾಸ

ವರ್ಷಂಪ್ರತಿ ಚಳಿಗಾಲದಲ್ಲಿಯೋ ಮಳೆಗಾಲದಲ್ಲಿಯೋ ಹಬ್ಬುವ ಇನ್‌ಫ್ಲುಯೆಂಜ ಜ್ವರಕ್ಕೆ ಯಾವ ದೇಶದಲ್ಲಿ ಎಷ್ಟು ಮಂದಿ ಬಲಿಯಾದರೆಂಬ ಪ್ರಶ್ನೆ ಮೇಲ್ನೋಟಕ್ಕೆ ಸರಳವೆಂದು ತೋರಿದರೂ, ಈ ವ್ಯಾಧಿಯು ತಾನೇ ಕೊಲ್ಲುವುದಕ್ಕಿಂತ ಹೆಚ್ಚಾಗಿ ನ್ಯುಮೋನಿಯಕ್ಕೋ ಹೃದ್ರೋಗಕ್ಕೋ ದಾರಿಮಾಡಿಕೊಟ್ಟು ಮರೆಗೆ ಸರಿಯುವುದರಿಂದ, ಮರಣಪತ್ರದಲ್ಲಿ ಇದರ ಹೆಸರು ಕಾಣುವುದೇ ಅಪೂರ್ವ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ 2001ರಲ್ಲಿ ‘ನ್ಯುಮೋನಿಯ ಮತ್ತು ಇನ್‌ಫ್ಲುಯೆಂಜ’ ಎಂಬ ಜೋಡಿ ಶೀರ್ಷಿಕೆಯ ಕೆಳಗೆ ದಾಖಲಾದ 62,034 ಮರಣಗಳಲ್ಲಿ ಇನ್‌ಫ್ಲುಯೆಂಜದ ಪಾಲಿಗೆ ಬಂದವು ಕೇವಲ 257. ಅದೇ ದೇಶದ ರೋಗನಿಯಂತ್ರಣ ಕೇಂದ್ರದವರು 1990ರ ದಶಕಕ್ಕೆ ಕಟ್ಟಿದ ಅಂದಾಜಾದರೋ ವರ್ಷಕ್ಕೆ ಸರಾಸರಿ 36,000. ಮೊದಲಿನದು ವೈದ್ಯನ ಲೇಖನಿಯಿಂದ ಇಳಿದದ್ದು, ಎರಡನೆಯದು ಗಣಿತದಿಂದ ಹುಟ್ಟಿದ್ದು. ಒಂದು ದೇಶದ ಮೊದಲ ಬಗೆಯ ಸಂಖ್ಯೆಯನ್ನು ಮತ್ತೊಂದರ ಎರಡನೆಯ ಬಗೆಯ ಸಂಖ್ಯೆಯ ಎದುರಿಗಿಟ್ಟು ಹೋಲಿಸುವ ಪ್ರಮಾದವು ಇಂದಿಗೂ ನಿಂತಿಲ್ಲ.

ಗಣಿತದ ಈ ಮಾರ್ಗವನ್ನು ತೆರೆದವನು ಲಂಡನ್ನಿನ ರಿಜಿಸ್ಟ್ರಾರ್ ಜನರಲ್ಲರ ಕಛೇರಿಯಲ್ಲಿ ಅಂಕಿಅಂಶಗಳ ಹೊಣೆ ಹೊತ್ತಿದ್ದ ವಿಲಿಯಂ ಫಾರ್. 1847ರ ಚಳಿಗಾಲದ ಪಿಡುಗಿನಲ್ಲಿ ವಾರವಾರದ ಮರಣಪಟ್ಟಿಗಳನ್ನು ಮುಂದಿಟ್ಟುಕೊಂಡು ಕುಳಿತ ಆತನು, ಜ್ವರದ ಹೆಸರಿನಲ್ಲಿ ಬರೆಯಲ್ಪಟ್ಟ ಸಾವುಗಳನ್ನು ಮಾತ್ರ ನಂಬದೆ, ಆ ಋತುವಿಗೆ ಸಹಜವಾದ ಮರಣಸಂಖ್ಯೆಯನ್ನು ಒಟ್ಟು ಮೊತ್ತದಿಂದ ಕಳೆದು, ಉಳಿದ ಸುಮಾರು 5,000 ಸಾವುಗಳನ್ನು ಪಿಡುಗಿನ ಲೆಕ್ಕಕ್ಕೆ ಬರೆದನು. ‘ಅಧಿಕ ಮರಣ’ವೆಂಬ ಕಲ್ಪನೆಯ ಮೂಲ ಇದೇ. ರೋಗಕಾರಕ ವೈರಸ್ಸು ಮನುಷ್ಯರಲ್ಲಿ ಪತ್ತೆಯಾದದ್ದು 1933ರಲ್ಲಿ. ಎಂದರೆ ಕೊಲೆಗಾರನ ಮುಖ ಕಾಣುವ ಎಂಬತ್ತಾರು ವರ್ಷ ಮೊದಲೇ ಅವನ ಕೃತ್ಯದ ಲೆಕ್ಕ ಆರಂಭವಾಗಿತ್ತು. ಮುಂದೆ ಅಮೆರಿಕದಲ್ಲಿ ಸೆಲ್ವಿನ್ ಕಾಲಿನ್ಸ್ ಇದೇ ಕ್ರಮವನ್ನು ನಗರಗಳ ಅಂಕಿಗಳಿಗೆ ಅನ್ವಯಿಸಿದನು. 1963ರಲ್ಲಿ ರಾಬರ್ಟ್ ಸರ್ಫ್ಲಿಂಗ್ ಪಿಡುಗಿಲ್ಲದ ವಾರಗಳ ಮರಣಗಳಿಂದ ಅಲೆಯಾಕಾರದ ರೇಖೆಯೊಂದನ್ನು ಎಳೆದು, ಅದನ್ನು ಮೀರಿದ್ದೆಲ್ಲವನ್ನೂ ಅಧಿಕವೆಂದು ಎಣಿಸುವ ಸೂತ್ರವನ್ನು ಪ್ರಕಟಿಸಿದನು.

ದೇಶದೇಶಗಳ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿಡಬೇಕಾದರೆ ಮರಣಕಾರಣಗಳಿಗೆ ಎಲ್ಲೆಡೆಯೂ ಒಂದೇ ಹೆಸರಿರಬೇಕಷ್ಟೆ. ಫ್ರಾನ್ಸಿನ ಜಾಕ್ ಬರ್ಟಿಲಾನ್ ಸಿದ್ಧಪಡಿಸಿ 1893ರಲ್ಲಿ ಷಿಕಾಗೋ ಸಭೆಯ ಮನ್ನಣೆ ಪಡೆದ ವರ್ಗೀಕರಣವು ಇದಕ್ಕೆ ತಳಹದಿಯಾಯಿತು. 1948ರಿಂದ ಅದರ ಪರಿಷ್ಕರಣವು ವಿಶ್ವ ಆರೋಗ್ಯ ಸಂಸ್ಥೆಯ ಕೈಸೇರಿತು.

ಹೆಸರು ಒಂದಾದರೂ ಅನುಭವ ಒಂದಾಗಲಿಲ್ಲವೆಂಬುದಕ್ಕೆ 1951ರ ಚಳಿಗಾಲಕ್ಕಿಂತ ಉತ್ತಮ ನಿದರ್ಶನವಿಲ್ಲ. ಆ ವರ್ಷ ಜನವರಿಯಲ್ಲಿ ಲಿವರ್‌ಪೂಲ್ ನಗರದ ವಾರದ ಮರಣಸಂಖ್ಯೆಯು 1918ರ ಮಹಾಮಾರಿಯ ಶಿಖರವನ್ನೂ ದಾಟಿತು. ಯುದ್ಧಕಾಲದ ಬಾಂಬು ದಾಳಿಯನ್ನು ಬಿಟ್ಟರೆ 1849ರ ಕಾಲರಾದ ಬಳಿಕ ಆ ಊರು ಅಂಥ ವಾರವನ್ನು ಕಂಡಿರಲಿಲ್ಲ. ಕೆನಡದಲ್ಲಿಯೂ ಹಾವಳಿ ತೀವ್ರವಾಗಿದ್ದಿತು. ಆದರೆ ಅದೇ ಕೆನಡಕ್ಕೆ ಹೊಂದಿಕೊಂಡ ಅಮೆರಿಕದಲ್ಲಿ ಆ ಋತು ಸೌಮ್ಯವಾಗಿಯೇ ಕಳೆಯಿತು. ಮತ್ತೆ 1968ರ ಹಾಂಗ್‌ಕಾಂಗ್ ಜ್ವರವು ಅಮೆರಿಕವನ್ನು ಮೊದಲ ಚಳಿಗಾಲದಲ್ಲಿಯೇ ಬಾಧಿಸಿ, ಇಂಗ್ಲೆಂಡಿನಲ್ಲಿ ಎರಡನೆಯ ಚಳಿಗಾಲದವರೆಗೂ ತಡೆದು ಎರಗಿತು. ಒಂದೇ ವರ್ಷವನ್ನು ಆರಿಸಿಕೊಂಡು ದೇಶಗಳಿಗೆ ಶ್ರೇಣಿ ಕಟ್ಟುವವರು ಇವನ್ನು ನೆನೆಯುವುದು ಲೇಸು.

ಭಾರತದ ತೊಡಕು ಬೇರೆಯದು. ಬ್ರಿಟಿಷರ ಕಾಲದ ಮರಣ ದಾಖಲೆಯಲ್ಲಿ ಕಾಲರಾ, ಸಿಡುಬು, ಪ್ಲೇಗು, ಜ್ವರ, ಅತಿಸಾರ, ಶ್ವಾಸರೋಗ, ಗಾಯ, ಇತರೆ ಎಂದು ಕೆಲವೇ ಕಲಮುಗಳಿದ್ದವು. ಸತ್ತವನನ್ನು ವೈದ್ಯರು ನೋಡಿರುತ್ತಿರಲಿಲ್ಲ. ಮನೆಯವರು ಹೇಳಿದ್ದನ್ನು ಹಳ್ಳಿಯ ಅಧಿಕಾರಿಯು ಬರೆದುಕೊಳ್ಳುವನು, ಮಲೇರಿಯವಾಗಲಿ ಇನ್‌ಫ್ಲುಯೆಂಜವಾಗಲಿ ‘ಜ್ವರ’ದ ಕಲಮಿನಲ್ಲಿಯೇ ಲೀನವಾಗುವುದು. 1918ರ ಪಿಡುಗಿನಲ್ಲಿ ಮಡಿದವರನ್ನು ಅಂದಿನ ಸರ್ಕಾರ ಸುಮಾರು 60 ಲಕ್ಷವೆಂದರೆ, 1951ರಲ್ಲಿ ಕಿಂಗ್ಸ್‌ಲಿ ಡೇವಿಸ್ ಜನಗಣತಿಗಳನ್ನು ಹೋಲಿಸಿ 2 ಕೋಟಿಯ ಸಮೀಪಕ್ಕೆ ಬಂದನು. ಈಚಿನ ಒಂದು ಗಣನೆ ಅದನ್ನು 1.4 ಕೋಟಿಯ ಆಸುಪಾಸಿಗೆ ಇಳಿಸಿದೆ. ಮಹಾಮಾರಿಯ ಲೆಕ್ಕವೇ ಹೀಗಿರಲು ಸಾಧಾರಣ ವರ್ಷಗಳ ಮಾತೇನು? ಸ್ವಾತಂತ್ರ್ಯಾನಂತರವೂ, ಮರಣ ನೋಂದಣಿಯನ್ನು 1969ರ ಕಾಯಿದೆಯು ಕಡ್ಡಾಯಗೊಳಿಸಿದ ಮೇಲೂ, ವೈದ್ಯಕೀಯವಾಗಿ ಕಾರಣ ಪ್ರಮಾಣಿತವಾದ ಮರಣಗಳು ಅಲ್ಪಾಂಶವಾಗಿಯೇ ಉಳಿದವು.

ಉಷ್ಣವಲಯದಲ್ಲಿ ಈ ಜ್ವರಕ್ಕೆ ಬಲವಿಲ್ಲವೆಂಬ ಹಳೆಯ ನಂಬಿಕೆಯೂ ಇದಕ್ಕೆ ಕೂಡಿಕೊಂಡಿತು. ಸಿಂಗಪುರ, ಹಾಂಗ್‌ಕಾಂಗ್‌ಗಳ ಅಂಕಿಗಳನ್ನು ಪರಿಶೀಲಿಸಿದಾಗ ಅಲ್ಲಿನ ಮರಣಪ್ರಮಾಣ ಶೀತದೇಶಗಳದಕ್ಕೆ ಸಮವೆಂದು ತಿಳಿದುಬಂದಿತು. ಭಾರತದಲ್ಲಿ 2010ರಿಂದ 2013ರವರೆಗಿನ ಅವಧಿಗೆ ಮಾಡಿದ ಒಂದು ಅಂದಾಜು ವರ್ಷಕ್ಕೆ ಸುಮಾರು 1,27,000 ಮರಣಗಳನ್ನು ತೋರಿಸುತ್ತದೆ. ಕರ್ನಾಟಕವೂ ಸೇರಿದಂತೆ ದೇಶದ ಬಹುಭಾಗದಲ್ಲಿ ಜ್ವರದ ಏರು ಮುಂಗಾರಿನ ತಿಂಗಳುಗಳಲ್ಲಿ ಬರುವುದರಿಂದ, ಅಕ್ಟೋಬರಿನಿಂದ ಮೇ ತಿಂಗಳವರೆಗೆ ಋತುವನ್ನು ಎಣಿಸುವ ಉತ್ತರಾರ್ಧಗೋಳದ ರೂಢಿಯನ್ನು ಇಲ್ಲಿಗೆ ತಂದರೆ ಮುಖ್ಯಭಾಗವೇ ಲೆಕ್ಕದಿಂದ ಹೊರಗುಳಿಯುತ್ತದೆ.

ಇಡೀ ಜಗತ್ತಿಗೆ ವರ್ಷಕ್ಕೆ 2,90,000ದಿಂದ 6,50,000 ಮರಣಗಳೆಂದು 2018ರಲ್ಲಿ ಪ್ರಕಟವಾದ ಅಂದಾಜು ಇದೀಗ ಬಳಕೆಯಲ್ಲಿದೆ. ಇದಕ್ಕೆ ಆಧಾರವಾದ ಅಂಕಿಗಳು 33 ದೇಶಗಳವು; ಉಳಿದ ದೇಶಗಳ ಸಂಖ್ಯೆಗಳನ್ನು ಈ 33ರ ಪ್ರಮಾಣಗಳಿಂದ ಊಹಿಸಿ ತುಂಬಲಾಗಿದೆ.